ಹದಿನಾರು ಬಿಳಿ

ಮಡಗಾಂವದ ಚರ್ಚಿನ ಹಿಂದಿನ ಓಣಿ, ಮೊದಲ ಮಹಡಿ.
ಡಾಕ್ಟರ್ ಲೂರ್ಡಿನಾ ಬಾಯಿ ನನ್ನ ತುಟಿಯ ಮುಂದೆ
ಹದಿನಾರು ಹಲ್ಲುಗಳ ಬೀಸಣಿಗೆ ಬಿಚ್ಚಿದಳು.
ಹಲ್ಲಿಗೊಂದು ಕಡ್ಡಿ, ಕಡ್ಡಿಗೊಂದು ನಂಬರು.
"ಎಲ್ಲಾ ಬಿಳಿಯೇ," ಎಂದಳು, "ಆರಿಸಿಕೋ."

ಬಿಳಿಯನ್ನು ನನಗೆ ತೋರಿಸುತ್ತಾಳೆ!
ಹತ್ತೊಂಬತ್ತು ವರ್ಷ ಮದುಮಗಳಂದಿರ ಗೌನು ಹೊಲಿದವಳಿಗೆ.
ಹಾಲಿನ ಬಿಳಿ ಬೇರೆ, ಕೆನೆಯದು ಬೇರೆ,
ಸುಣ್ಣದ ಬಿಳಿಗೆ ಒಳಗೊಳಗೇ ನೀಲಿ,
ಜೋಳದ ಹಿಟ್ಟಿಗೆ ಒಂದು ಉಸಿರಿನಷ್ಟು ಹಳದಿ.
ಕಪ್ಪನೆಯ ಹುಡುಗಿಗೆ ಸುಣ್ಣದ ಬಿಳಿ ತೊಡಿಸಿದರೆ
ಫೋಟೋದಲ್ಲಿ ಗೌನಿಗಷ್ಟೇ ಮದುವೆ.

ನನ್ನ ಹಲ್ಲು ಮುಂಡರಗಿಯ ಬೋರಿನ ನೀರು ಕುಡಿದು ಬೆಳೆದವು.
ನಮ್ಮ ಓಣಿಯ ಮಕ್ಕಳಿಗೆಲ್ಲ ಅದೇ ಬಾಯಿ:
ಅಡ್ಡಡ್ಡ ಕಂದು ಗೆರೆ, ನಡುನಡುವೆ ಸೀಮೆಸುಣ್ಣದ ಚುಕ್ಕೆ.
ಅಲ್ಲಿ ಯಾರೂ ಯಾರನ್ನೂ ಕೇಳಲಿಲ್ಲ.
ಇಲ್ಲಿಗೆ ಬಂದ ವಾರಕ್ಕೇ ಮಾಲಕಿಯ ಮೊಮ್ಮಗ ಕೇಳಿದ,
ಚಾಕಲೇಟು ತಿಂದು ಯಾಕೆ ಬಾಯಿ ತೊಳೆದಿಲ್ಲವೆಂದು.
ಅವತ್ತಿನಿಂದ ನನ್ನ ಬಾಯ್ತುಂಬ ಗುಂಡುಪಿನ್ನು.
ಪಿನ್ನು ಕಚ್ಚಿಕೊಂಡವಳು ನಗದಿದ್ದರೆ
ಯಾರೂ ತಪ್ಪು ತಿಳಿಯುವುದಿಲ್ಲ.

ಡಾಕ್ಟರು ವಿವರಿಸುತ್ತ ಹೋದಳು.
ಬ್ಲೀಚ್ ಮಾಡಿದರೆ ಬಿಳಿ ಚುಕ್ಕೆಗಳು ಇನ್ನೂ ಎದ್ದು ಕಾಣಬಹುದು.
ವಿನಿಯರ್ ಅಂದರೆ ಪಿಂಗಾಣಿಯ ತೆಳು ಹೊದಿಕೆ,
ಹತ್ತು ಹಲ್ಲಿಗೂ ಒಂದೇ ಹೊಳಪು,
ಅದಕ್ಕೂ ಮೊದಲು ಮೇಲಿನ ಪದರ ಚೂರು ತೇಯಬೇಕು.
"ತೇದದ್ದು ಮತ್ತ ಬರತೈತೇನು?"
"ಇಲ್ಲ."
ಕತ್ತರಿ ಹಾಕಿದ ಬಟ್ಟೆ ಹಿಡಿದು
ಎಷ್ಟು ಜನಕ್ಕೆ ಈ ಇಲ್ಲವನ್ನು ನಾನೇ ಹೇಳಿಲ್ಲ!

ಗೋಡೆಯ ಮೇಲೆ ನಗುವವರ ಸಾಲು,
ಒಂದೇ ಬಾಯನ್ನು ಸರದಿಯ ಮೇಲೆ ಬಾಡಿಗೆಗೆ ತಂದಂತೆ.

"ನಗುವಾಗ ತೆಗೆದ ಹಳೇ ಫೋಟೋ ಇದ್ದರೆ ತಾ," ಎಂದಳು.
ನಾನು ಅಳತೆಗೆ ಹಳೇ ಕುಪ್ಪಸ ಕೇಳುವ ಹಾಗೆ.
ರಾತ್ರಿ ತಗಡಿನ ಪೆಟ್ಟಿಗೆ ಸುರುವಿ ಕೂತೆ.
ತಂಗಿ ಬಸಲಿಂಗಿಯ ಮದುವೆಯಲ್ಲಿ ಬಾಯಿಗೆ ಸೆರಗು,
ಕೊಲ್ವಾ ದಂಡೆಯಲ್ಲಿ ಅಂಗೈ,
ಆಧಾರ್ ಕಾರ್ಡಿನಲ್ಲಿ ಸರ್ಕಾರವೇ ಮುಚ್ಚಿಸಿದ ತುಟಿ,
ಪ್ರಿಸ್ಕಿಲ್ಲಾಳ ಗೌನಿನ ಪಕ್ಕದಲ್ಲಿ ಪಿನ್ನು.
ನಲವತ್ತೊಂದು ವರ್ಷ,
ಒಂದು ಹಲ್ಲೂ ಸಿಗಲಿಲ್ಲ.

ಗುರುವಾರ ಬರಿಗೈಲಿ ಹೋದೆ.
"ಫೋಟೋ ಇಲ್ರೀ. ಬಣ್ಣ ನಾನ ಹೇಳತೇನಿ,
ಆದ್ರ ಈ ದೀಪದ ಬುಡಕ ಬ್ಯಾಡ."
ಬೀಸಣಿಗೆ ಇಸಕೊಂಡು ಕಿಟಕಿಗೆ ನಡೆದೆ.
ಟ್ಯೂಬ್‌ಲೈಟು ಯಾವತ್ತೂ ಅಂಗಡಿಯವನ ಕಡೆಯ ಸಾಕ್ಷಿ.
ಬಟ್ಟೆಯ ನಿಜ ಹೇಳುವುದು ಹಗಲು.
ಒಂದು ಕೈಲಿ ಕನ್ನಡಿ, ಒಂದರಲ್ಲಿ ಹದಿನಾರು ಬಿಳಿ,
ಕೆಳಗೆ ಮೀನಿನವಳ ಸ್ಕೂಟರು ಪೋಂ ಪೋಂ ಅನ್ನುತ್ತಿತ್ತು.
ನನ್ನ ಕಣ್ಣಿನ ಬಿಳಿಯನ್ನು ಮೀರದ ಹಾಗೆ
ಒಂದೊಂದೇ ಕಡ್ಡಿ ಮಡಚುತ್ತ ಬಂದೆ.
ಉಳಿದದ್ದು ತೆನೆ ಬಡಿದಾಗ ಸಿಡಿವ ಮೊದಲ ಕಾಳಿನ ಬಣ್ಣ:
ಬುಡಕ್ಕೆ ಒಂದೆಳೆ ಹಳದಿ, ತುದಿಗೆ ನೀರಿನಷ್ಟು ತೆಳು.

"ತೇಯೂದು ಬ್ಯಾಡ. ಉಜ್ಜಿ ಹೋದಷ್ಟು ಹೋಗ್ಲಿ.
ಮುಂದಿನ ನಾಕಕ್ಕ ಅಷ್ಟ ತೇಪಿ ಹಾಕ್ರಿ,
ಹೊಲಿಗಿ ಕಾಣಬಾರದು."
"ನಡುವಿನ ಸಂದಿ ಮುಚ್ಚಲಾ?"
"ದಾರ ಕಡಿಯಾಕ ಬೇಕು."
ಡಾಕ್ಟರು ಲೊಚಗುಟ್ಟಿದಳು, ಬರೆದುಕೊಂಡಳು.
"ಮನೆಯಲ್ಲಿ ಮದುವೆ ಗಿದುವೆ ಇದೆಯಾ?"
"ಇಲ್ಲ."
"ಮತ್ತೆ?"
"ಹನ್ನೊಂದು ಗೌನಿನ ರೊಕ್ಕ ಐತಿ."

ಎರಡು ದಿನ ಚಹಾ ಬೇಡ ಎಂದಿದ್ದಳು, ಕಲೆ ಹಿಡಿಯುತ್ತದಂತೆ.
ತಲೆನೋವಿನಲ್ಲೇ ಅಂಗಡಿ ತೆರೆದೆ.
ಹೊಸ ಹುಡುಗಿ ಅಳತೆಗೆ ನಿಂತಿದ್ದಳು,
ಸೊಂಟದ ಬಳಿ ಮಂಡಿಯೂರಿ ಕೂತೆ.
ಕೈ ತಾನಾಗಿ ಪಿನ್ನನ್ನು ಬಾಯಿಗೊಯ್ದಿತು,
ಕಬ್ಬಿಣ ಹೊಸ ಅಂಚಿಗೆ ಟಕ್ಕೆಂದು ತಾಗಿತು.
ತೆಗೆದು ಮಣಿಕಟ್ಟಿನ ದಿಂಬಿಗೆ ಚುಚ್ಚಿದೆ.
ಬಾಯಿ ಖಾಲಿ. ಕೊಂಕಣಿಯೆಲ್ಲ ಮರೆತು
ಸೀದಾ ಮುಂಡರಗಿಯೇ ಬಂತು ಬಾಯಿಗೆ:
"ಹೊಟ್ಟಿ ಒಳಗ ಎಳಕೋಬ್ಯಾಡವಾ, ಇದ್ದಂಗ ನಿಂದ್ರು,
ಅಳತಿ ತಪ್ಪತೈತಿ."
ಹುಡುಗಿಗೆ ಒಂದಕ್ಷರ ತಿಳಿಯಲಿಲ್ಲ.
ನನ್ನ ಬಾಯನ್ನೇ ನೋಡುತ್ತ
ಹೊಟ್ಟೆ ಸಡಿಲ ಬಿಟ್ಟಳು.